ಜವಳಗೇರಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ತಾಸು?

ಎರಡು ಏರ್‌ಪೋರ್ಟ್‌ಗಳ ಹೆಸರು ಕೊಟ್ಟರೆ ನಡುವಿನ ದೂರ, ಹಾರುವ ಸಮಯ ಎರಡನ್ನೂ ತಟ್ಟನೆ ಹೇಳುವ ತಾಣಗಳು ಬೇಕಾದಷ್ಟಿವೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಅಂತ ಕೇಳಿ ನೋಡಿ. ಸುಮಾರು 14 ಸಾವಿರ ಕಿ.ಮೀ., 16-17 ಗಂಟೆ ಅನ್ನುತ್ತವೆ. ಲೆಕ್ಕವೇನೋ ಸರಿ. ಆದರೆ ಅದು ಯಾರ ಲೆಕ್ಕ ಅನ್ನೋದೇ ನನ್ನ ಪ್ರಶ್ನೆ.

ಆ 14 ಸಾವಿರ ಅನ್ನೋದು ಭೂಗೋಳದ ಮೇಲೆ ದಾರ ಎಳೆದು ಹಿಡಿದಂಥ ದೂರ. ದಾರ ಹೋಗುವುದು ಸೈಬೀರಿಯಾದ ಮೇಲೆ. ವಿಮಾನ ಮಾತ್ರ ದಾರದ ಮೇಲೇ ಹೋಗಬೇಕು ಅಂತೇನಿಲ್ಲ. ಗಾಳಿ ನೋಡಬೇಕು, ಯಾವ ದೇಶದ ಆಕಾಶ ತೆರೆದಿದೆ ನೋಡಬೇಕು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವದ ಮೇಲಿಂದ! ಮರುವರ್ಷ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿಹೋಯಿತು. ಊರು ಅಲ್ಲೇ ಇದ್ದರೂ ದಾರಿ ಉದ್ದವಾಯಿತು.

ಇಷ್ಟು ಆಕಾಶದ ಮಾತು. ಈಗ ನೆಲಕ್ಕೆ ಬರೋಣ.

ಸಿಂಧನೂರಿನಿಂದ ರಾಯಚೂರು ರಸ್ತೆ ಹಿಡಿದರೆ ನಮ್ಮ ಜವಳಗೇರಾ. ಬೀಜದ ಫಾರ್ಮ್ ಇರುವ ಊರು ಅಂದರೆ ರೈತರಿಗೆ ಗೊತ್ತಾಗುತ್ತೆ. ಇಲ್ಲಿಂದ ಬೆಂಗಳೂರು 400 ಕಿ.ಮೀ. ಆಸುಪಾಸು, ರಾತ್ರಿ ಬಸ್ಸಿಗೆ ಒಂಬತ್ತು ತಾಸು ಹಿಡಿಯಿರಿ. ಅಂದರೆ ವಿಮಾನ ತಾಸಿಗೆ 850 ಕಿ.ಮೀ. ಓಡಿದರೆ ಬಸ್ಸು 45. ದೂರದಲ್ಲಿ ನೂರಕ್ಕೆ ಮೂರು ಪಾಲೂ ಇಲ್ಲದ ರಸ್ತೆ, ಸಮಯದಲ್ಲಿ ವಿಮಾನದ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ!

ಇದು ಬರೀ ಗಣಿತ ಅಲ್ಲ ಸ್ನೇಹಿತರೇ. ನಮ್ಮ ಕಡೆ ಸತ್ತವರ ಮನೆಯಿಂದ ಬರುವ ಮೊದಲ ಪ್ರಶ್ನೆ, "ಮಣ್ಣಿಗೆ ಬರ್ತೀಯೇನು?" ಅಮೆರಿಕದಲ್ಲಿರುವ ಮಗ ಏನು ಹೇಳಬೇಕು? ನೇರ ವಿಮಾನವೇ ಸಿಕ್ಕಿತು ಅನ್ನಿ. ಚಳಿಗಾಲದ ಒಂದು ಶುಕ್ರವಾರ ಅಲ್ಲಿ ಬೆಳಿಗ್ಗೆ 9ಕ್ಕೆ ಮನೆ ಬಿಟ್ಟು ಮಧ್ಯಾಹ್ನ ಹಾರಿದರೆ ಬೆಂಗಳೂರಲ್ಲಿ ಇಳಿಯುವಾಗ ಶನಿವಾರ ಸಂಜೆ 6. ಹೊರಗೆ ಬಂದು, ಊರು ದಾಟಿ, ಬಸ್ಸು ಹಿಡಿದು ಮನೆ ಮುಟ್ಟುವಾಗ ಭಾನುವಾರ ಬೆಳಿಗ್ಗೆ. 33 ತಾಸಿನ ಮೇಲೆ. ವಿಮಾನ ಬದಲಿಸಬೇಕಾದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನಮ್ಮೂರ ಬಿಸಿಲಿಗೆ ಹೆಣ ಅಷ್ಟು ಹೊತ್ತು ಇಡಲಾಗುತ್ತದೆಯೇ? "ನೀವು ಮುಗಿಸಿಬಿಡ್ರಿ" ಅಂತ ಫೋನಿನಲ್ಲೇ ಹೇಳುವ ಮಕ್ಕಳನ್ನು ಊರವರು ಬೈಯುತ್ತಾರೆ. "ಹದಿನಾರು ತಾಸಿನ ದಾರಿ, ಬರಲಿಕ್ಕೆ ಏನಾಗಿತ್ತು?" ಅಂತ. ಆ ಹದಿನಾರು ತಾಸು ಜವಳಗೇರಾದ್ದಲ್ಲ.

ಆದ್ದರಿಂದ ನನ್ನ ಅನಿಸಿಕೆ ಇಷ್ಟು. ದೂರವನ್ನು ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಅಳೆಯುವುದು ಬಿಟ್ಟು ಹೊಸ್ತಿಲಿನಿಂದ ಹೊಸ್ತಿಲಿಗೆ ಅಳೆಯೋಣ. ಹಾಗೆ ಅಳೆದರೆ ನಮ್ಮ ಬಹಳ ಜನಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರಾಜಧಾನಿಗೆ ಹೊಸ ವಿದೇಶಿ ವಿಮಾನ ಬಂದರೆ ಸಂತೋಷವೇ. ಆದರೆ 1997-98ರಲ್ಲಿ ಮಂಜೂರಾದ ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗ ಸಿಂಧನೂರು ಮುಟ್ಟಿದ್ದು 2024ರಲ್ಲಿ. ನಮಗೆ ಅಮೆರಿಕ ದೂರವಾಗಿರುವುದು ಆಕಾಶದಲ್ಲಲ್ಲ, ಈ ಮೊದಲ 400 ಕಿ.ಮೀ.ನಲ್ಲಿ.

ನಿಮ್ಮೂರಿನ ಹೊಸ್ತಿಲ ಲೆಕ್ಕ ಎಷ್ಟು ಬರುತ್ತೆ? ಒಮ್ಮೆ ಕೂಡಿಸಿ ನೋಡಿ...