ಸಹಿಯಿಲ್ಲದ ಸಂಚು

ಹುನಗುಂದದ ಸಬ್‌ರಜಿಸ್ಟ್ರಾರ್ ಕಚೇರಿ ಎದುರು ಮೇಜು ಹಾಕಿಕೊಂಡು ಖರೀದಿ ಪತ್ರ, ವಾಟ್ನಿ ಪತ್ರ, ಬಕ್ಷೀಸ ಪತ್ರ ಬರೆಯುವುದು ನನ್ನ ಉದ್ಯೋಗ. ಈ ಉದ್ಯೋಗದಲ್ಲಿ ಹೆಸರಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಬರೆದುಕೊಡುವವರು, ಬರೆಸಿಕೊಳ್ಳುವವರು, ನಾಲ್ಕು ದಿಕ್ಕಿನ ಚಕ್ಕುಬಂದಿಯಲ್ಲಿ ಬರುವ ಹೊಲದವರು, ಇಬ್ಬರು ಸಾಕ್ಷಿದಾರರು, ಕಟ್ಟಕಡೆಗೆ ಪತ್ರ ಬರೆದ ನಾನು, ಎಲ್ಲರೂ ಹೆಸರಿನ ಸಮೇತ ಹಾಜರಿರಬೇಕು. ತಂದೆಯ ಹೆಸರಿನ ಒಂದು ಅಕ್ಷರ ಉತಾರಕ್ಕೆ ತಾಳೆಯಾಗದಿದ್ದರೂ ಪತ್ರ ವಾಪಸ್ ಬರುತ್ತದೆ.

ಹಿಂಗಾಗಿ, ಸರತಿ ಕಾಯುತ್ತ ಕೂತ ಹುಡುಗರು ಮೊಬೈಲಿನಲ್ಲಿ ತೋರಿಸುವ ಕೆಲವು ವಿಡಿಯೋಗಳ ಬಗ್ಗೆ ನನ್ನ ತಕರಾರು ಒಂದಿದೆ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವ ಹುಡುಗನೊಬ್ಬ ಮೊನ್ನೆ ಹೇಳಿದ: “ಕಾಕಾ, ಇದನ್ನ ನೋಡ್ರಿ. ನಮ್ಮ ಬಾದಾಮಿ ಗುಹೆಯೊಳಗ ಫ್ರೀಮೇಸನ್ನರ ಗುರುತು ಐತಂತ. ಇಡೀ ಜಗತ್ತು ನಡಸೋರು ಅವರಂತ.” ವಿಡಿಯೋದಲ್ಲಿ ಎರಡನೇ ಗುಹೆಯ ಛಾವಣಿ ಕಾಣುತ್ತಿತ್ತು. ಅಲ್ಲಿ ಅರಗಳ ಬದಲು ಮೀನುಗಳನ್ನು ಕೆತ್ತಿದ ಚಕ್ರವೊಂದಿದೆ. ಅದಕ್ಕೊಂದು ಕೆಂಪು ಗೆರೆ ಎಳೆದು, ಡಾಲರ್ ನೋಟಿನ ಪಿರಮಿಡ್ಡಿನ ಮೇಲಿನ ಕಣ್ಣು ತೋರಿಸಿ, ನಡುವೆ ಇಲ್ಯುಮಿನಾಟಿ ಎಂಬ ಇನ್ನೊಂದು ಗುಪ್ತ ಕೂಟವನ್ನೂ ಎಳೆದುತಂದು, ಹಿಂದೆ ಎದೆ ಝಲ್ಲೆನ್ನುವ ಸಂಗೀತ ಹಾಕಿದ್ದರು. ಹಿಂಗ ಮಾಡಿದವರು ಯಾರಪಾ ಅಂತ ಕೇಳಿದೆ. “ಅವರs ರೀ” ಅಂದ. ಅವರಂದ್ರ ಯಾರು? “ಹೆಂಗ ಗೊತ್ತಾಗಬೇಕ್ರಿ? ಗುಪ್ತ ಇರ್ತಾರಲ್ಲ!”

ನನ್ನ ತಕರಾರು ಈ “ಅವರು” ಎಂಬುವವರ ಮೇಲೆಯೇ.

ಫ್ರೀಮೇಸನ್ನರು ಇದ್ದಾರೆ, ಅದೇನೂ ಕಟ್ಟುಕಥೆಯಲ್ಲ. ಯುರೋಪಿನಲ್ಲಿ ದೊಡ್ಡ ದೊಡ್ಡ ಚರ್ಚು ಕಟ್ಟುತ್ತಿದ್ದ ಕಲ್ಲುಕುಟಿಗರ ಸಂಘಗಳ ಕಾಟಕೋನ, ಕೈವಾರಗಳನ್ನು ತಮ್ಮ ಲಾಂಛನ ಮಾಡಿಕೊಂಡ ಗಂಡಸರ ಕೂಟ ಅದು. ಲಂಡನ್ನಿನ ನಾಲ್ಕು ಲಾಡ್ಜುಗಳು, ಅಂದರೆ ಅವರ ಸ್ಥಳೀಯ ಕೂಟಗಳು, 1717ರ ಜೂನ್ 24ರಂದು ಒಂದಾಗಿ ಗ್ರ್ಯಾಂಡ್ ಲಾಡ್ಜ್ ಆದವೆಂದು ಅವರ ಲೆಕ್ಕ. ಕುಂಪಣಿಯವರ ಬೆನ್ನಿಗೇ 1730ರ ಹೊತ್ತಿಗೆ ಅದು ಕಲ್ಕತ್ತೆಗೂ ಬಂತು. ಮುಂಬೈಯಲ್ಲಿ 1843ರಲ್ಲಿ ನಮ್ಮ ದೇಶದವರನ್ನೂ ಸೇರಿಸಿಕೊಳ್ಳಲೆಂದು ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜ್ ಶುರುವಾಯಿತು. ಮುಂದೆ ಸ್ವಾಮಿ ವಿವೇಕಾನಂದರಾದ ನರೇಂದ್ರನಾಥ ದತ್ತರು 1884ರಲ್ಲಿ ಕಲ್ಕತ್ತೆಯ ಲಾಡ್ಜೊಂದಕ್ಕೆ ಸೇರಿದ್ದರು. ಮೋತಿಲಾಲ್ ನೆಹರೂ ಕೂಡ ಸದಸ್ಯರಾಗಿದ್ದರು. ಸ್ವತಂತ್ರ ಭಾರತದ ಗ್ರ್ಯಾಂಡ್ ಲಾಡ್ಜ್ ದಿಲ್ಲಿಯಲ್ಲಿ ಸ್ಥಾಪನೆಯಾದದ್ದು 1961ರ ನವೆಂಬರ್ 24ರಂದು. ಬೆಂಗಳೂರಿನಲ್ಲೂ ಅವರ ಲಾಡ್ಜುಗಳಿವೆ. ದೇವರಿದ್ದಾನೆಂದು ನಂಬುವವನಿರಬೇಕು, ಲಾಡ್ಜಿನೊಳಗೆ ರಾಜಕಾರಣ, ಮತಧರ್ಮದ ವಾದ ಎತ್ತಬಾರದು ಎಂಬವು ಅವರ ನಿಯಮಗಳು.

ಇನ್ನು ಅವರ ಗುಟ್ಟು. ಕೈಕುಲುಕುವ ರೀತಿ, ಸಂಕೇತದ ಮಾತು, ದೀಕ್ಷೆಯ ವಿಧಿ ಇವೆಲ್ಲವನ್ನೂ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬವನು 1730ರಲ್ಲೇ ಲಂಡನ್ನಿನಲ್ಲಿ ಅಚ್ಚುಹಾಕಿಸಿ ಮಾರಿದ. ಅಂದರೆ ಈ ಗುಟ್ಟು ಬಯಲಾಗಿ ಮುನ್ನೂರು ವರ್ಷವಾಗುತ್ತ ಬಂತು. ಆದರೂ ಬಾಗಿಲು ಹಾಕಿಕೊಂಡು ಕೂಡುವವರ ಬಗ್ಗೆ ಹೊರಗಿನವರು ಏನಾದರೊಂದು ಅನ್ನದೆ ಇರುವುದಿಲ್ಲ. ಬ್ರಿಟಿಷರ ಕಾಲದ ಹಾಬ್ಸನ್‌-ಜಾಬ್ಸನ್ ಎಂಬ ನಿಘಂಟಿನಲ್ಲಿ ಇದರ ದಾಖಲೆ ಇದೆ. ಉತ್ತರದ ಕಡೆ ಲಾಡ್ಜಿಗೆ ಜಾದೂಘರ್ ಅನ್ನುತ್ತಿದ್ದರು, ಮುಂಬೈ ಕಡೆ ಶೈತಾನಖಾನಾ ಅನ್ನುತ್ತಿದ್ದರು. ತಮಿಳುನಾಡಿನ ಕಡೆ ಅದು ತಲೆ ಕಡಿಯುವ ಗುಡಿ. ಹೊಸಬನ ತಲೆ ಕಡಿದು ಮತ್ತೆ ಜೋಡಿಸುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ಆಗ ನಾವೂ ಮುಂಬೈ ಇಲಾಖೆಯವರೇ. 1885ರವರೆಗೆ ನಮ್ಮ ಜಿಲ್ಲೆಯ ಕಚೇರಿ ಇದ್ದದ್ದು ಕಲಾದಗಿಯಲ್ಲಿ. ಗೋರಾ ಸಾಹೇಬರು ರಾತ್ರಿ ಬಾಗಿಲು ಮುಚ್ಚಿಕೊಂಡು, ಏಪ್ರನ್ ಕಟ್ಟಿಕೊಂಡು ಏನೋ ಮಾಡುತ್ತಾರೆಂದರೆ ಹೊರಗೆ ನಿಂತ ಜವಾನನಿಗೆ ಶೈತಾನನಲ್ಲದೆ ಮತ್ತೇನು ಕಾಣಬೇಕು? ಆ ಜವಾನನ ಅನುಮಾನದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವನ ಹೊಲ, ಅವನ ಕಂದಾಯ, ಅವನ ಜೈಲು ಎಲ್ಲ ಆ ಸಾಹೇಬರ ಕೈಯಲ್ಲೇ ಇತ್ತು.

ಅನುಮಾನ ಬರಲಿ, ಅದನ್ನು ಮುಂದೆ ಯಾವ ದಾರಿಗೆ ಹಚ್ಚುತ್ತೇವೆ ಎಂಬುದು ಮುಖ್ಯ. ದಾರಿ ಎರಡಿವೆ, ಎರಡಕ್ಕೂ ಇತಿಹಾಸದಲ್ಲಿ ಉದಾಹರಣೆ ಸಿಗುತ್ತದೆ.

ಮೊದಲನೆಯದು ಫ್ರಾನ್ಸಿನ ಲಿಯೋ ಟಾಕ್ಸಿಲ್‌ನ ದಾರಿ. ಈತ 1885ರಲ್ಲಿ ತಾನು ಪರಮ ಕ್ಯಾಥೊಲಿಕ್ ಆದೆನೆಂದು ಸಾರಿ, ಫ್ರೀಮೇಸನ್ನರು ಸೈತಾನನ ಪೂಜಾರಿಗಳೆಂದು ಪುಸ್ತಕದ ಮೇಲೆ ಪುಸ್ತಕ ಬರೆದ. ಸೈತಾನನ ಸಹವಾಸದಿಂದ ತಪ್ಪಿಸಿಕೊಂಡು ಬಂದ ಡಯಾನಾ ವಾಘನ್ ಎಂಬ ಹೆಣ್ಣುಮಗಳನ್ನು ಸೃಷ್ಟಿಸಿದ. ಆ ಕಥೆಗಳಲ್ಲಿ ರೆಕ್ಕೆಯ ಮೊಸಳೆಯೊಂದು ಪಿಯಾನೊ ನುಡಿಸುತ್ತದೆ! ಜನ ಕಣ್ಣಿಗೊತ್ತಿಕೊಂಡು ಓದಿದರು. ಖುದ್ದು ಪೋಪರು ಅವನಿಗೆ ಭೇಟಿ ಕೊಟ್ಟರು. 1897ರ ಏಪ್ರಿಲ್ 19ರಂದು ಡಯಾನಾಳನ್ನು ತೋರಿಸುತ್ತೇನೆಂದು ಪ್ಯಾರಿಸ್ಸಿನಲ್ಲಿ ಸಭೆ ಕರೆದು, ಎಲ್ಲ ತನ್ನ ಕುಚೋದ್ಯ ಎಂದು ನಕ್ಕುಬಿಟ್ಟ. ಕಟ್ಟಿದವನೇ ಸುಳ್ಳೆಂದರೂ ಆ ಕಥೆ ಸಾಯಲಿಲ್ಲ. ಇಂದಿಗೂ ಅದರ ಚೂರುಗಳು ಈ ವಿಡಿಯೋಗಳಲ್ಲಿ ಓಡಾಡುತ್ತಿವೆ. ಟಾಕ್ಸಿಲ್‌ನದು ನಗುವ ಸುಳ್ಳು. ಅದರ ಸಂಗಡ ಬೆಳೆದ, ಯೆಹೂದಿಗಳೂ ಫ್ರೀಮೇಸನ್ನರೂ ಸೇರಿ ಜಗತ್ತು ನುಂಗುತ್ತಾರೆಂಬ ಸುಳ್ಳು ನಗುವಂಥದ್ದಲ್ಲ. ಅದರ ಮೂಲಪತ್ರವೆಂದು 1903ರಲ್ಲಿ ರಷ್ಯಾದಲ್ಲಿ ಅಚ್ಚಾದ ‘ಪ್ರೋಟೊಕಾಲ್ಸ್’ ಶುದ್ಧ ಖೊಟ್ಟಿ ದಾಖಲೆ ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲೇ ಸಾಬೀತು ಮಾಡಿತ್ತು. ಹಿಟ್ಲರನಿಗೆ ಆ ಸಾಬೀತು ಬೇಕಾಗಿಯೇ ಇರಲಿಲ್ಲ. ಲಾಡ್ಜುಗಳಿಗೆ ಬೀಗ ಬಿತ್ತು, ಯೆಹೂದಿಗಳಿಗೆ ಏನಾಯಿತೆಂದು ನಾನು ಹೇಳಬೇಕಿಲ್ಲ.

ಎರಡನೆಯದು ಇಟಲಿಯ ದಾರಿ. ಅಲ್ಲಿ ಪಿ-2 ಎಂಬ ಲಾಡ್ಜ್ ನಿಜವಾಗಿಯೂ ಸಂಚಿನ ಕೂಟವಾಗಿತ್ತು. ದಿವಾಳಿಯಾದ ಬ್ಯಾಂಕರ್ ಸಿಂಡೋನಾನ ತನಿಖೆ ನಡೆಸುತ್ತಿದ್ದ ಮ್ಯಾಜಿಸ್ಟ್ರೇಟರು 1981ರ ಮಾರ್ಚಿನಲ್ಲಿ ಲಿಚಿಯೊ ಜೆಲ್ಲಿ ಎಂಬಾತನ ಜಾಗಗಳನ್ನು ಶೋಧಿಸಿದಾಗ ಒಂದು ಯಾದಿ ಸಿಕ್ಕಿತು. ಅದರಲ್ಲಿ 962 ಹೆಸರುಗಳು: ಮಂತ್ರಿಗಳು, ಸಂಸದರು, ಸೇನೆ ಮತ್ತು ಗುಪ್ತಚರ ಇಲಾಖೆಯ ಮುಖ್ಯಸ್ಥರು, ಪತ್ರಕರ್ತರು. ಸರಕಾರ ಉರುಳಿತು. ಪಾರ್ಲಿಮೆಂಟು ತೀನಾ ಆನ್ಸೆಲ್ಮಿ ಎಂಬ ಹೆಣ್ಣುಮಗಳ ನೇತೃತ್ವದಲ್ಲಿ ವಿಚಾರಣಾ ಆಯೋಗ ಮಾಡಿತು. 1982ರಲ್ಲಿ ಕಾನೂನು ತಂದು ಪಿ-2 ಅನ್ನು ವಿಸರ್ಜಿಸಿದರು. ನಿಜವಾದ ಸಂಚು ಸಿಕ್ಕಾಗ ಕೈಗೆ ಬಂದದ್ದು ಪಿರಮಿಡ್ಡಿನ ಚಿತ್ರವೂ ಅಲ್ಲ, ಮೀನಿನ ಚಕ್ರವೂ ಅಲ್ಲ, ಹೆಸರಿನ ಯಾದಿ. ಅದನ್ನು ಹುಡುಕಿದವರು ಬ್ಯಾಂಕಿನ ಲೆಕ್ಕ ಓದಲು ಬರುತ್ತಿದ್ದವರು.

ಈಗ ಬಾದಾಮಿಗೆ ಬರೋಣ. ಮೀನಿನ ಚಕ್ರ ತೋರಿಸಿದ ಆ ಪುಣ್ಯಾತ್ಮ ಇನ್ನಷ್ಟು ಮೆಟ್ಟಿಲು ಹತ್ತಿ ಮೂರನೇ ಗುಹೆಗೆ ಹೋಗಿದ್ದರೆ ನನ್ನ ವೃತ್ತಿಯ ಹಿರಿಯರ ಕೆಲಸ ಕಾಣುತ್ತಿತ್ತು. ಅಲ್ಲಿ ಕ್ರಿ.ಶ. 578ರ ಶಾಸನವಿದೆ, ಗುಹೆ ಮಾಡಿಸಿದವನು ಚಾಲುಕ್ಯರ ಮಂಗಲೇಶ ಎಂದು ಹೆಸರು, ಶಕವರ್ಷ ಸಮೇತ ಬರೆದಿದೆ. ಪಕ್ಕದಲ್ಲೇ ಕನ್ನಡದಲ್ಲಿ ಇನ್ನೊಂದಿದೆ: ಮಂಗಲೇಶನು ಈ ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಕೊಟ್ಟನು, ಇದನ್ನು ಅಳಿದವನು ಏಳನೆಯ ನರಕದ ಹುಳುವಾಗುತ್ತಾನೆ ಎಂಬ ಅರ್ಥದ್ದು. ಕೊಟ್ಟವರು, ತಗೊಂಡವರು, ಆಸ್ತಿ, ಮುರಿದರೆ ದಂಡ, ಎಲ್ಲವೂ ಕ್ರಮವಾಗಿ ಇರುವ ಬಕ್ಷೀಸ ಪತ್ರ ಅದು.

ಪಟ್ಟದಕಲ್ಲಿಗೆ ಹೋದರೆ ಕಟ್ಟಿದವರೂ ಸಿಗುತ್ತಾರೆ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇಂದಿನ ವಿರೂಪಾಕ್ಷ. ಅದರ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ, ಅನಿವಾರಿತಾಚಾರಿ ಎಂಬ ಬಿರುದಿನವನು. ಅವನಿಗೆ ಸಂದ ಮರ್ಯಾದೆಗಳನ್ನು ಬಾಗಿಲಲ್ಲೇ ಕೆತ್ತಿದ್ದಾರೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ದೊಡ್ಡ ಸೂತ್ರಧಾರಿಯ ಹೆಸರಿದೆ. ಅವನ ಪರಂಪರೆಯ ರೇವಡಿ ಓವಜ್ಜ ಪಾಪನಾಥ ಗುಡಿಯಲ್ಲಿ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಐಹೊಳೆಯ ಶಾಸನವೊಂದು ನರಸೊಬ್ಬನಂಥ ಗುಡಿ ಕಟ್ಟುವ ಜಾಣ ಇಡೀ ಜಂಬೂದ್ವೀಪದಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎನ್ನುತ್ತದೆ. ಕಲ್ಲುಕುಟಿಗರ ಸಂಘವೆಂದರೆ ಇವರದು, ದಿನವೂ ಉಳಿ ಹಿಡಿದವರದು. ಇವರು ಮುಚ್ಚಿಡಲಿಲ್ಲ, ಸಹಿ ಮಾಡಿದರು. ಅದೇ ಐಹೊಳೆಯಿಂದ ಬೆಳೆದ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ಕಡಲು ದಾಟಿತ್ತು. ಸುಮಾತ್ರಾ ದ್ವೀಪದಲ್ಲಿ 1088ರ ಶಾಸನವೊಂದರಲ್ಲಿ ಐನೂರ್ವರ ಹೆಸರಿದೆ. ಅಷ್ಟು ದೊಡ್ಡ ಜಾಲದವರೂ ತಮ್ಮ ದಾನ, ಕರಾರು, ಕಟ್ಟಳೆಗಳನ್ನು ಊರ ನಡುವೆ ಕಲ್ಲಿಗೆ ಹಾಕಿಸಿದರು.

ಬಾದಾಮಿಯನ್ನು “ಅವರು” ಮಾಡಿದರೆಂದು ಹಂಚಿಕೊಳ್ಳುವ ಪ್ರತಿ ವಿಡಿಯೋ ಈ ಹೆಸರುಗಳ ಮೇಲೆ ಮಸಿ ಬಳಿಯುತ್ತದೆ. ಇಳಕಲ್ಲಿನ ಕೆಂಪು ಕಲ್ಲನ್ನು ದಿನವಿಡೀ ಕೊಯ್ದು, ದೂಳು ಕುಡಿದು ಮನೆಗೆ ಹೋಗುವ ಹುಡುಗನೇ ಆ ಮಾತು ನಂಬಿದ್ದು ನನ್ನನ್ನು ಚುಚ್ಚಿತು. ತನ್ನಂಥವರ ಕೈ ಅದನ್ನು ಮಾಡಬಲ್ಲದು ಎಂಬುದು ಅವನಿಗೇ ಹೊಳೆದಿರಲಿಲ್ಲ.

ಹೊಗಳಿಕೆ ಹೇಗೆ ದಾರಿ ತಪ್ಪುತ್ತದೋ ದೂರೂ ಹಾಗೆಯೇ ತಪ್ಪುತ್ತದೆ. ಕೃಷ್ಣೆಯ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಅರ್ಧ ಬದುಕು ಹೋಯಿತು. ಅದಕ್ಕೂ ಮೊದಲು ನಾರಾಯಣಪುರದ ಹಿನ್ನೀರು ನಮ್ಮ ಹುನಗುಂದ ತಾಲೂಕಿನ ಹೊಲಗಳಿಗೆ ಬಂದಿತ್ತು. ಯಾರು ಮಾಡಿದರೆಂದು ಕೇಳಿದರೆ ಇವತ್ತಿಗೂ ಕಟ್ಟೆಯ ಮೇಲೆ ಸಿಗುವ ಉತ್ತರ “ದೊಡ್ಡವರು”, “ದಿಲ್ಲಿಯವರು”, “ಫಾರಿನ್ನಿನವರು”. ಆದರೆ ಇದರಲ್ಲಿ ಗುಟ್ಟು ಎಲ್ಲಿತ್ತು? ಆಲಮಟ್ಟಿಗೆ ಅಡಿಗಲ್ಲಿಟ್ಟವರು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ, ಹಾಡಹಗಲಲ್ಲಿ. ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು 1973ರಲ್ಲಿ ಬಂತು. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವಾದದ್ದು 1983ರ ಕಾಯ್ದೆಯಿಂದ. ಒಂದೊಂದು ಸರ್ವೆ ನಂಬರೂ ಗೆಜೆಟ್ಟಿನಲ್ಲಿ ಅಚ್ಚಾಯಿತು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ತಕರಾರು ಹಾಕಲು 30 ದಿನ ಇದ್ದವು. ಪರಿಹಾರ ಸಾಲದೆಂದರೆ 18ನೇ ಕಲಮಿನ ಕೆಳಗೆ ಕೋರ್ಟಿಗೆ ಹೋಗಬಹುದಿತ್ತು. ಕಾಗದ ಓದಿ ಹೋದವರಿಗೂ ಓದದೆ ಹೆಬ್ಬೆಟ್ಟು ಒತ್ತಿದವರಿಗೂ ಸಿಕ್ಕ ದುಡ್ಡಿನಲ್ಲಿ ಎಷ್ಟು ಅಂತರವಿತ್ತೆಂದು ಮುಳುಗಡೆ ಊರಿನವರಿಗೆ ನಾನು ಹೇಳಿಕೊಡಬೇಕಿಲ್ಲ. “ಫಾರಿನ್ನಿನವರ” ಮಾತು ಬಂತಲ್ಲ: ಈ ಯೋಜನೆಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕು, ಸಂತ್ರಸ್ತರ ಪುನರ್ವಸತಿ ಸರಿಯಾಗಿಲ್ಲವೆಂದು 1990ರ ದಶಕದಲ್ಲಿ ಹಣ ತಡೆಹಿಡಿದದ್ದೂ ಉಂಟು.

ಬಲ್ಲವರು ಕೂಡಿ ಲಾಭ ಮಾಡಿಕೊಳ್ಳುವುದೇ ಇಲ್ಲ ಅನ್ನುತ್ತಿಲ್ಲ. ಮುಳುಗಡೆ ಪರಿಹಾರದಲ್ಲಿ, ನಿವೇಶನ ಹಂಚಿಕೆಯಲ್ಲಿ ಒಳಗಿಂದೊಳಗೆ ಏನೇನು ನಡೆಯಬಹುದೆಂದು ನನ್ನಂಥ ಪತ್ರ ಬರೆಯುವವನಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಅದಕ್ಕೆ ಲಾಡ್ಜ್ ಬೇಕಿಲ್ಲ, ಮದುವೆ ಮಂಟಪದ ಪಂಕ್ತಿ ಸಾಕು. ಅಂಥ ಕೂಟವನ್ನು ಹಿಡಿಯಬೇಕಾದರೂ ಯಾರ ಹೆಸರಿಗೆ ಯಾವ ಉತಾರ ಯಾವಾಗ ಆಯಿತು ಎಂದು ನೋಡಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಇಲ್ಯುಮಿನಾಟಿಯ ಕಥೆ ಈ ಹತ್ತು ರೂಪಾಯಿಯನ್ನೂ ಉಳಿಸಿಕೊಡುತ್ತದೆ; ಎಲ್ಲ “ಅವರೇ” ಮಾಡಿದ್ದಾದರೆ ನಾವು ಮಾಡುವುದೇನೂ ಉಳಿಯುವುದಿಲ್ಲ, ಮಾಡಿದವರೂ ಆರಾಮಾಗಿರುತ್ತಾರೆ.

ಈ ಮಾತನ್ನು ಈಗ ಹೇಳಲು ಕಾರಣವಿದೆ. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಏರಿದರೆ ಇನ್ನಷ್ಟು ಊರು, ಇನ್ನಷ್ಟು ಹೊಲ ನೀರಿಗೆ ಹೋಗುತ್ತವೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಗೆಜೆಟ್ಟಿನಲ್ಲಿ, ಕನ್ನಡ ಪತ್ರಿಕೆಯಲ್ಲಿ, ಪಂಚಾಯ್ತಿಯಲ್ಲಿ, ತಹಶೀಲ್ದಾರ ಕಚೇರಿಯಲ್ಲಿ ಬರಲೇಬೇಕು. ತಕರಾರಿಗೆ ಈಗ 60 ದಿನ. ಆ ಕಾಗದದಲ್ಲಿ ನಿಮ್ಮ ಸರ್ವೆ ನಂಬರ್, ಕ್ಷೇತ್ರ, ನಿಮ್ಮ ಹೆಸರು ಸರಿಯಿದೆಯೇ ನೋಡಿ. ನೀರಾವರಿ ಹೊಲವನ್ನು ಒಣಬೇಸಾಯ ಎಂದು ಬರೆದಿದ್ದಾರೆಯೇ ನೋಡಿ. ಬಾವಿ, ಗಿಡ, ಮನೆ ಬಿಟ್ಟುಹೋಗಿದ್ದರೆ ಬರೆದು ಕೊಟ್ಟು ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. ಕೆಳಗೆ ಸಹಿ ಮಾಡಿದ ಅಧಿಕಾರಿ ಯಾರೆಂದು ಓದಿ, ಮುಂದೆ ಜವಾಬು ಕೇಳಬೇಕಾದದ್ದು ಅವರನ್ನೇ.