ಗೋವೆಯ ಹೆಸರಿನಲ್ಲಿ ಯುದ್ಧದ ಮಾತು

"ಗೋವೆಗೆ ಸೈನ್ಯ ನುಗ್ಗಿಸಿದ್ದು ಸರಿಯಾದರೆ ಬೇರೆ ದೇಶದ ಮೇಲೆ ನುಗ್ಗುವುದು ಏಕೆ ತಪ್ಪು?" ಯುದ್ಧದ ಮಾತೆದ್ದಾಗಲೆಲ್ಲ ಗಿರಣಿಯ ಗೇಟಿನಲ್ಲಿ, ಅಂಗಡಿಯ ಕಟ್ಟೆಯಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ. ಸಮಾಜವಾದಿಗಳು ಇದಕ್ಕೆ ನೇರ ಉತ್ತರ ಕೊಡಬೇಕು. ಯುದ್ಧವನ್ನು ಖಂಡಿಸುವವರೂ ನಾವೇ, ಗೋವೆಗಾಗಿ ಜೈಲು ಕಂಡವರೂ ನಮ್ಮವರೇ.

1946ರ ಜೂನ್ 18ರಂದು ಡಾ. ಲೋಹಿಯಾ ಮಡಗಾಂವಿನಲ್ಲಿ ಸಭೆ ನಡೆಸಲು ಹೋಗಿ ಸೆರೆಯಾದರು. ಅವರು ಕೇಳಿದ್ದು ಸಿಂಹಾಸನವನ್ನಲ್ಲ, ನಾಲ್ಕು ಜನ ಸೇರಿ ಮಾತನಾಡುವ ಹಕ್ಕನ್ನು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿ 20ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಮಧು ಲಿಮಯೆಯವರಿಗೆ 12 ವರ್ಷದ ಸಜೆಯಾಯಿತು. ದೆಹಲಿಯ ಸರ್ಕಾರ ಮಾಡಿದ್ದೇನು? ಸತ್ಯಾಗ್ರಹಿಗಳನ್ನೇ ತಡೆಯಿತು! ಗಡಿ ಮುಚ್ಚಿತು, ಕ್ಯಾಸಲ್‌ರಾಕ್‌ನಿಂದಾಚೆಗೆ ರೈಲು ನಿಂತಿತು. ಲಿಸ್ಬನ್ನಿನ ಸರ್ವಾಧಿಕಾರಿ ಸಲಾಜಾರನಾದರೋ ಗೋವೆ ವಸಾಹತೇ ಅಲ್ಲ, ಪೋರ್ಚುಗಲ್ಲಿನ ಒಂದು ಪ್ರಾಂತವೆಂದು ವಾದಿಸುತ್ತ ಕುಳಿತ. 1961ರ ಡಿಸೆಂಬರ್ 18ರಂದು ನಮ್ಮ ಸೈನ್ಯ ಒಳಹೊಕ್ಕಿತು. ಮರುದಿನವೇ ಗವರ್ನರ್ ಜನರಲ್ ಶರಣಾದ. ಕೊನೆಯವರೆಗೂ ಕಾದಿ ಸಾಯಿರೆಂಬ ಸಲಾಜಾರನ ಅಪ್ಪಣೆಯನ್ನು ಆತ ಪಾಲಿಸಲಿಲ್ಲ. ಆ ಅವಿಧೇಯತೆಯಿಂದ ಎಷ್ಟು ತಾಯಂದಿರ ಮಕ್ಕಳು ಉಳಿದರೋ! ಅದಕ್ಕಾಗಿ ಆತ ಸೈನ್ಯದಿಂದ ವಜಾ ಆದ.

ಭದ್ರತಾ ಸಮಿತಿಯಲ್ಲಿ ಅಮೆರಿಕ, ಬ್ರಿಟನ್ನುಗಳು ಭಾರತವನ್ನು ದೂಷಿಸಿದವು. ಕೇವಲ ಐದು ವರ್ಷಗಳ ಹಿಂದೆ, 1956ರಲ್ಲಿ, ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಾಂಬು ಸುರಿದ ಬ್ರಿಟನ್ ಅಹಿಂಸೆಯ ಪಾಠ ಹೇಳಿತು! ಮುಂದೆ 2003ರಲ್ಲಿ ಇದೇ ಜೋಡಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಹೇಳಿ ಇರಾಕಿನ ಮೇಲೆ ಬಿತ್ತು. ಅಸ್ತ್ರಗಳು ಸಿಗಲಿಲ್ಲ; ಇರಾಕ್ ಹಾಳಾಯಿತು.

ಧ್ವಜ ನಮ್ಮದೆಂಬ ಕಾರಣಕ್ಕೆ ಗೋವೆಯ ಕಾರ್ಯಾಚರಣೆ ನ್ಯಾಯವಾಗಲಿಲ್ಲ. ಆ ನೆಲದ ಜನ ತಾವೇ ಮುಂದಾಗಿ ಲಾಠಿ, ಸೆರೆಮನೆ, ಗಡೀಪಾರು ಅನುಭವಿಸಿದ್ದರು. ಕೋವಿ ಬಂದದ್ದು ಎಲ್ಲಕ್ಕೂ ಕೊನೆಗೆ. ಆದರೂ ನಮ್ಮಲ್ಲಿ ಎರಡು ಅಸಮಾಧಾನಗಳಿವೆ. ಆರು ವರ್ಷ ಸುಮ್ಮನಿದ್ದ ಸರ್ಕಾರಕ್ಕೆ ಸಾರ್ವತ್ರಿಕ ಚುನಾವಣೆ ಹೊಸ್ತಿಲಿಗೆ ಬಂದಾಗಲೇ ಗೋವೆ ನೆನಪಾದದ್ದು ಒಂದು. ಗೋವೆಯವರ ಅಭಿಪ್ರಾಯವನ್ನು ಆಗ ಯಾರೂ ಕೇಳದಿದ್ದದ್ದು ಇನ್ನೊಂದು. 1967ರ ಜನವರಿ 16ರಂದು, ಮಹಾರಾಷ್ಟ್ರದಲ್ಲಿ ಸೇರುವಿರಾ ಎಂದು ಕೇಳಿದಾಗ ಅವರು ಒಲ್ಲೆವೆಂದರು. ಆ ಮಾತು ನಡೆಯಿತು. ಗೆದ್ದ ನೆಲದ ಜನರ "ಬೇಡ"ಕ್ಕೆ ಬೆಲೆ ಕೊಟ್ಟ ಸಾಮ್ರಾಜ್ಯಶಾಹಿ ಯಾವುದಿದೆ?

ಇಂದು ಗೋವೆಯ ಹೆಸರು ಹೇಳಿ ಯುದ್ಧ ಬೇಡುವವರು ಮೊದಲು ಹೇಳಲಿ: ಆ ದೇಶದ ಯಾವ ಜನ ನಮ್ಮನ್ನು ಕರೆದಿದ್ದಾರೆ? ಯಾವ ಬಾಗಿಲು ತಟ್ಟಿ ನೋಡಿದ್ದೀರಿ? ಖರ್ಚು ಯಾರ ತಲೆಗೆ? 1962ರ ಚೀನಾ ಯುದ್ಧದ ಮರುವರ್ಷವೇ ಚಿನ್ನ ನಿಯಂತ್ರಣ ಬಂದು ಅಕ್ಕಸಾಲಿಗರ ಕುಲುಮೆ ಆರಿತು. ಕಡ್ಡಾಯ ಠೇವಣಿ ಬಂದು ಸಂಬಳದವನ, ಅಂಗಡಿಕಾರನ ಜೇಬಿಗೆ ಕೈ ಹಾಕಿತು. ಯುದ್ಧದ ಕೂಗು ಹಾಕಿದ ದೊಡ್ಡ ಮನುಷ್ಯರಾರೂ ಆಗ ಕುಲುಮೆಯ ಮುಂದೆ ಬಂದು ನಿಲ್ಲಲಿಲ್ಲ.