ಹುದ್ದೆಯ ಮೆಟ್ಟಿಲು, ವಿದ್ಯೆಯ ಋಣ

ಗಡಿನಾಡಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಮಗುವು ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವಂತಾದೀತೇ? ಜತ್ತ ತಾಲೂಕಿನ ಹಲವು ತಂದೆತಾಯಿಗಳ ಮನದಲ್ಲಿ ಸುಳಿಯುವ ಪ್ರಶ್ನೆಯಿದು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿದವರಿಗೆ ಹನ್ನೊಂದನೆಯದರಲ್ಲಿ ವಿಜ್ಞಾನವು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಓಡುವ ಬಸ್ಸು ತಟಕ್ಕನೆ ನಿಂತರೆ ಮೈ ಮುಂದಕ್ಕೆ ಬಾಗುವುದು ಜಡತ್ವದಿಂದ ಎಂಬುದನ್ನು ಬಲ್ಲ ಜಾಣ ಮಗುವೂ ‘ಇನರ್ಷಿಯಾ’ ಎಂಬ ಶಬ್ದ ಕೇಳಿ ಮಂಕಾಗುತ್ತದೆ. ವಿಷಯವು ಗೊತ್ತೇ ಇದೆ, ಹೆಸರೊಂದೇ ಹೊಸದು.

ಇಂಥ ಮಕ್ಕಳಿಗೆ ಡಾ. ಎಚ್. ನರಸಿಂಹಯ್ಯನವರ ಜೀವನವನ್ನು ಹೇಳಬೇಕು. ಅವರು 1920ರಲ್ಲಿ ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಕುಟುಂಬವೊಂದರಲ್ಲಿ ಜನಿಸಿದರು. ಆ ತಾಲೂಕೂ ನಮ್ಮದರಂತೆ ಗಡಿಗೆ ಹೊಂದಿದ ಬರದ ಸೀಮೆಯೇ. 1935ರಲ್ಲಿ ಪ್ರೌಢಶಾಲೆ ಸೇರಲು ಕಾಲ್ನಡಿಗೆಯಿಂದಲೇ ಬೆಂಗಳೂರು ಮುಟ್ಟಿದರು. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆ ಕಂಡರು. ನಮ್ಮ ಮಹಾರಾಷ್ಟ್ರದ ಯರವಡಾ ಕಾರಾಗೃಹದಲ್ಲಿಯೂ ಇದ್ದರು. ಬಿಟ್ಟ ಓದನ್ನು ಮತ್ತೆ ಹಿಡಿದು, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾದರು. 1960ರಲ್ಲಿ ಅಮೇರಿಕೆಯ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಿಂದ ಪರಮಾಣು ಬೀಜವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಪ್ರಾಂಶುಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ದುಡಿದರು.

ಹುದ್ದೆ ಏರಿದರೂ ಅವರ ಮನೆಯೆಂದರೆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆ, ಉಡುಪು ಖಾದಿ. ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುವ ಬೆಂಗಳೂರು ಸೈನ್ಸ್ ಫೋರಂ 1962ರಲ್ಲಿ ಹುಟ್ಟಿದಾಗ ಅವರೇ ಮುಂದಾಳು. ತಾವು ನಡೆದು ಹೊರಟ ಸೀಮೆಯನ್ನೂ ಅವರು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಿಸಿದರು. 2005ರಲ್ಲಿ ನಿಧನರಾದರು.

ಇಂದಿನ ದಾರಿ ಸುಲಭವೆಂದು ಹೇಳಲಾರೆವು. ಎಂ.ಎಸ್ಸಿ.ಯಲ್ಲಿ ಶೇಕಡಾ 55 ಅಂಕ, ಮೇಲೆ ನೆಟ್ ಅಥವಾ ಸೆಟ್ ಪರೀಕ್ಷೆ, ಪಿಎಚ್.ಡಿ. ಇಷ್ಟಾದರೂ ತಾಸಿನ ಲೆಕ್ಕದ ಸಂಬಳದಲ್ಲಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಮಗನನ್ನೋ ಮಗಳನ್ನೋ ಈ ದಾರಿಗೆ ಕಳಿಸುವವರು ಇದನ್ನು ತಿಳಿದೇ ಕಳಿಸಬೇಕು.

ಈ ದಾರಿಯನ್ನು ಈಗಾಗಲೇ ನಡೆದು ಜತ್ತಿನಲ್ಲಿಯೋ ಸಾಂಗಲಿ, ಕೊಲ್ಹಾಪುರಗಳಲ್ಲಿಯೋ ಪಾಠ ಹೇಳುತ್ತಿರುವ ನಮ್ಮವರಲ್ಲಿ ಒಂದೇ ಅರಿಕೆ: ರಜೆಗೆ ಊರಿಗೆ ಬಂದಾಗ ಕನ್ನಡ ಶಾಲೆಯ ಹತ್ತನೆಯ ಇಯತ್ತೆಯಲ್ಲಿ ಒಂದು ತಾಸು ನಿಲ್ಲಿರಿ. ಹಲಗೆಯ ಮೇಲೆ ಎಡಕ್ಕೆ ಜಡತ್ವ, ಬಲಕ್ಕೆ ಇನರ್ಷಿಯಾ ಎಂದು ಬರೆಯಿರಿ. ಉಳಿದುದನ್ನು ಮಕ್ಕಳು ತಾವೇ ಮಾಡಿಕೊಂಡಾರು.